ಸಾಕು ಎಂದದ್ದು ಹಾಕು ಎಂದು ಕೇಳಿಸಿತು

ಎರಡು ವರ್ಷದ ಹಿಂದಿನ ಗಣೇಶ ಚೌತಿ. ಮೊಮ್ಮಗಳ ಎಲೆಗೆ ಚಿತ್ರಾನ್ನ ಬಡಿಸುತ್ತಿದ್ದೆ. ಅವಳು "ಸಾಕು ಅಜ್ಜಿ" ಎಂದಳು. ನನಗೆ "ಹಾಕು ಅಜ್ಜಿ" ಎಂದು ಕೇಳಿಸಿತು. ಇನ್ನೊಂದು ಸೌಟು ಹಾಕಿದೆ. ಅವಳು ಕೈ ಅಡ್ಡ ಹಿಡಿದಳು. "ಬೇಕೋ ಬೇಡವೋ ಸರಿಯಾಗಿ ಹೇಳೇ! ಮುಂಬಯಿಯಲ್ಲಿ ಹುಟ್ಟಿದ ನಿಮಗೆ ಸಕಾರ ಹಕಾರದ ಭೇದವೂ ತಿಳಿಯುವುದಿಲ್ಲ" ಎಂದು ನೆಂಟರೆದುರು ಗದರಿಬಿಟ್ಟೆ. ಹುಡುಗಿ ತಲೆ ತಗ್ಗಿಸಿ ಉಂಡು ಎದ್ದಳು. ಆಮೇಲೆ ಕೆಲವು ತಿಂಗಳು ನನ್ನೊಡನೆ ಬರೀ ಹಿಂದಿಯಲ್ಲೇ ಮಾತು.

ಯುವ ಓದುಗರೇ, ನಿಮ್ಮಲ್ಲಿ ಹಲವರು ಮನೆಯ ಹಿರಿಯರಿಂದ ಇಂಥ ಬೈಗುಳ ತಿಂದಿರಬಹುದು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆ ದಿನ ತಪ್ಪಿದ್ದು ಅವಳ ನಾಲಗೆಯಲ್ಲ, ನನ್ನ ಕಿವಿ.

1991ರಿಂದ 2017ರವರೆಗೆ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ನಾನು ಪಾಳಣಾಘರ ನಡೆಸಿದೆ. ಲೋಕಲ್ ಹಿಡಿಯಲು ಓಡುವ ತಂದೆತಾಯಿ ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಹೋದರೆ, ಕರೆದುಕೊಂಡು ಹೋಗುವುದು ದೀಪ ಹಚ್ಚಿದ ಮೇಲೆ. ಹದಿನಾಲ್ಕು ಮಕ್ಕಳು. ಟೈಲ್ಸಿನ ನೆಲ, ಬರಿಗೋಡೆ, ಸ್ಟೀಲಿನ ತಾಟು-ಬಟ್ಟಲು. ಒಂದು ಅತ್ತರೆ ನಾಲ್ಕು ಅಳುತ್ತಿದ್ದವು. ಅವರ ಗದ್ದಲವನ್ನು ಮೀರಿ ನಾನು ಕೂಗುವುದು, ನನ್ನ ಕೂಗನ್ನು ಮೀರಿ ಅವರು ಕಿರುಚುವುದು. ರಾತ್ರಿ ಮಲಗಿದರೆ ಕಿವಿಯಲ್ಲಿ ಗುಂಯ್ ಎಂಬ ಸದ್ದು. ದಣಿವಿನದಿರಬೇಕು ಎಂದುಕೊಂಡೆ. ಮಕ್ಕಳ ಸದ್ದು ದೇವರ ಸದ್ದು, ಅದರಿಂದ ಯಾರಿಗೆ ಏನಾಗುತ್ತದೆ?

ಕೊನೆಗೆ ಮಗಳು ಕಿವಿಯ ಪರೀಕ್ಷೆಗೆ ಕರೆದೊಯ್ದಳು. ಸದ್ದಿಲ್ಲದ ಪುಟ್ಟ ಕೋಣೆಯಲ್ಲಿ ಕೂರಿಸಿ, ಸ್ವರ ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಹೊರಬಂದ ನಕ್ಷೆಯಲ್ಲಿ ಗೆರೆ 4000 ಹರ್ಟ್ಸ್ ಹತ್ತಿರ ಗುಣಿಯಂತೆ ಇಳಿದಿತ್ತು. ಪರೀಕ್ಷಿಸಿದ ಹುಡುಗಿ, "ವಯಸ್ಸಿನ ಪಾಲೂ ಇದೆ. ಆದರೆ ಈ ಗುಣಿ ಸಾಮಾನ್ಯವಾಗಿ ಗದ್ದಲದಲ್ಲಿ ದುಡಿದವರದು. ಆಂಟಿ, ನೀವು ಯಾವ ಕಾರ್ಖಾನೆಯಲ್ಲಿದ್ದಿರಿ?" ಎಂದು ಕೇಳಿದಳು. ನನಗೆ ನಗುವೂ ಬಂತು, ಅಳುವೂ ಬಂತು.

ಅವಳು ವಿವರಿಸಿದ್ದನ್ನು ನಿಮಗೂ ಹೇಳುತ್ತೇನೆ. ಒಳಕಿವಿಯ ಶಂಖದಂಥ ಸುರುಳಿಯಲ್ಲಿ ಸುಮಾರು 15,000 ಕೂದಲ ಕೋಶಗಳಿವೆ. ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಗದ್ದಲಕ್ಕೆ ಮೊದಲು ಬಲಿಯಾಗುವುದು ಕೀಚಲು ಸ್ವರ ಹಿಡಿಯುವ ಕೋಶಗಳು. ಆ, ಊ, ಓ ಮುಂತಾದ ಸ್ವರಾಕ್ಷರಗಳು ದಪ್ಪ ದನಿಯವು, ಅವು ಉಳಿಯುತ್ತವೆ. ಸ, ಶ, ತ ತೆಳುವಾದವು, ಅವು ಜಾರಿಹೋಗುತ್ತವೆ. ಹಾಗಾಗಿ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ನಮಗೆ ಕಿವುಡು ಎಂದು ಗೊತ್ತಾಗುವ ಬದಲು ಎದುರಿನವರು ಗೊಣಗುತ್ತಾರೆ ಎನಿಸುತ್ತದೆ!

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯೊಂದರ ಶಿಫಾರಸಿನಂತೆ ದಿನಕ್ಕೆ 8 ಗಂಟೆ ಕೆಲಸ ಮಾಡುವವರಿಗೆ 85 ಡೆಸಿಬೆಲ್ ಮಿತಿ. ಅಲ್ಲಿಂದ 3 ಡೆಸಿಬೆಲ್ ಏರಿದರೆ ಅವಧಿ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 100ಕ್ಕೆ ಬರೀ ಕಾಲು ಗಂಟೆ. ಪಾಳಣಾಘರದಲ್ಲಿ ದಿನವಿಡೀ ಅಷ್ಟು ಸದ್ದಿರುವುದಿಲ್ಲ, ನಿಜ. ಆದರೆ ಹೆಗಲ ಮೇಲೆ ಚೀರುವ ಕೂಸಿನ ದನಿ ಕಿವಿಯ ಬಳಿ 100 ದಾಟುವುದುಂಟು. ನಾನು ಬಲಗೈಯವಳು, ಕೂಸು ಸದಾ ಎಡ ಹೆಗಲಿಗೆ. ನನ್ನ ಎಡಗಿವಿಯೇ ಹೆಚ್ಚು ಕೆಟ್ಟಿದೆ.

ಈಗ ತಿಳಿದದ್ದು ಆಗ ತಿಳಿದಿದ್ದರೆ ಏನು ಮಾಡುತ್ತಿದ್ದೆ? ನೆಲಕ್ಕೆ ಜಮಖಾನೆ, ಕಿಟಕಿಗೆ ದಪ್ಪ ಪರದೆ, ಕುರ್ಚಿಯ ಕಾಲಿಗೆ ರಬ್ಬರು ಹಾಕುತ್ತಿದ್ದೆ. ಮಕ್ಕಳನ್ನು ಎರಡು ಗುಂಪು ಮಾಡಿ ಒಂದನ್ನು ಅಂಗಳಕ್ಕೆ ಕಳಿಸುತ್ತಿದ್ದೆ. ದೂರದಿಂದ ಕೂಗದೆ ಹತ್ತಿರ ಹೋಗಿ ಕುಕ್ಕುರುಗಾಲಲ್ಲಿ ಕೂತು ಹೇಳುತ್ತಿದ್ದೆ. ದೊಡ್ಡವರು ದನಿ ತಗ್ಗಿಸಿದರೆ ಎಷ್ಟೋ ಸಲ ಮಕ್ಕಳೂ ತಗ್ಗಿಸುತ್ತಾರೆ. ಅಳುವ ಕೂಸನ್ನು ಹೆಗಲು ಬದಲಿಸುತ್ತ, ಬಾಯಿ ಕಿವಿಯಿಂದ ಆಚೆಗಿರುವಂತೆ ಎತ್ತಿಕೊಳ್ಳುತ್ತಿದ್ದೆ. ಅಳು ನಿಲ್ಲದ ಹೊತ್ತಿಗೆ ಇಯರ್‌ಪ್ಲಗ್ ಹಾಕುತ್ತಿದ್ದೆ. ಎಲ್ಲ ಸ್ವರಗಳನ್ನೂ ಸಮವಾಗಿ ತಗ್ಗಿಸುವ ಇಯರ್‌ಪ್ಲಗ್‌ಗಳಿವೆ. ಮಗು ಕೆಮ್ಮಿದರೂ ಕರೆದರೂ ಕೇಳಿಸುತ್ತದೆ, ಪೆಟ್ಟು ಮಾತ್ರ ಕಡಿಮೆ. ನಾನು ಹತ್ತಿ ತುರುಕಿಕೊಳ್ಳುತ್ತಿದ್ದೆ. ಅದರಿಂದ ಹೆಚ್ಚೇನೂ ಪ್ರಯೋಜನವಿಲ್ಲವಂತೆ.

ನಿಮ್ಮಲ್ಲಿ ಕೆಲವರು ಬಾಲವಾಡಿ, ನರ್ಸರಿಗಳಲ್ಲಿ ಕೆಲಸಕ್ಕೆ ಸೇರಿರುವಿರಿ. ಕೆಲವರು ಇಂಥ ಮನೆಗಳಲ್ಲೇ ಬೆಳೆದಿರಿ. ಸೇರಿದವರು ಈಗಲೇ ಒಮ್ಮೆ ಪರೀಕ್ಷೆ ಮಾಡಿಸಿ, ಆ ನಕ್ಷೆ ಇಟ್ಟುಕೊಳ್ಳಿ. ಮುಂದಿನದಕ್ಕೆ ಹೋಲಿಸಲು ಬೇಕಾಗುತ್ತದೆ. 1983ರಲ್ಲಿ ಬಾಂದ್ರಾದಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇರುವುದೇ ವಾಕ್ ಶ್ರವಣ ತೊಂದರೆಗಳಿಗಾಗಿ. ಮನೆಯ ಹಿರಿಯರು "ನಿನ್ನ ಕನ್ನಡ ಸ್ಪಷ್ಟವಿಲ್ಲ" ಎಂದರೆ ಬೇಸರಿಸಿ ಭಾಷೆ ಬಿಡಬೇಡಿ. ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಇನ್ನೊಮ್ಮೆ ಹೇಳಿ. ಆಗಲೂ ತಿಳಿಯದಿದ್ದರೆ ಕಿವಿಯ ಪರೀಕ್ಷೆಗೆ ಕರೆದೊಯ್ಯಿರಿ.

ನನಗೆ ಈಗ ಶ್ರವಣ ಸಾಧನವಿದೆ. ಹೋದದ್ದು ಮರಳಲಿಲ್ಲ, ಆದರೆ ಬಹಳಷ್ಟು ಮಾತು ಸಿಗುತ್ತದೆ. ಮೊಮ್ಮಗಳನ್ನು ಕೂರಿಸಿಕೊಂಡು, "ತಪ್ಪು ನನ್ನದಮ್ಮ" ಎಂದೆ. ಅವಳು ಕನ್ನಡದಲ್ಲೇ, "ಸಾಕು ಬಿಡು ಅಜ್ಜಿ" ಎಂದಳು. ಈ ಸಲ ಸಾಕು ಎಂದೇ ಕೇಳಿಸಿತು.