ಪೆನಾಂಗ್ ಬೆಟ್ಟದ ಮೇಲೊಂದು ಶಾಲೆಯಿತ್ತು

ನಿಮ್ಮ ಮನೆಯಿಂದ ಯಾರಾದರೂ ಹೊರದೇಶಕ್ಕೆ ಹೋಗಿ ದುಡಿಯುತ್ತಿದ್ದರೆ ಈ ಪ್ರಶ್ನೆ ನಿಮಗೆ ಹೊಸದಲ್ಲ. ಮಕ್ಕಳು ಎಲ್ಲಿ ಓದಬೇಕು? ತಂದೆಯ ಜೊತೆ ಅಲ್ಲಿಯೋ, ತಾಯಿಯ ಜೊತೆ ಊರಿನಲ್ಲೋ, ಇಲ್ಲವೇ ಇಬ್ಬರನ್ನೂ ಬಿಟ್ಟು ಹಾಸ್ಟೆಲಿನಲ್ಲೋ? ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ ಇದು. ಕಳೆದ ವರ್ಷ ಬೇಸಿಗೆ ರಜೆಯಲ್ಲಿ ನಾನೂ ನನ್ನವರೂ ಮಲೇಶ್ಯಾದ ಪೆನಾಂಗ್ ದ್ವೀಪಕ್ಕೆ ಹೋದಾಗ ನನ್ನ ತಂಗಿಯ ಮನೆಯಲ್ಲಿ ಈ ತುಪ್ಪ ಕುದಿಯುತ್ತಿತ್ತು.

ತಂಗಿಯ ಯಜಮಾನರು ಬಯಾನ್ ಲೆಪಾಸ್ ಕೈಗಾರಿಕಾ ವಲಯದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. 1972ರಲ್ಲಿ ಇಂಟೆಲ್ ಕಂಪೆನಿ ಅಲ್ಲಿ ಕಾಲಿಟ್ಟ ಮೇಲೆ ಆ ದ್ವೀಪ ಕಂಪ್ಯೂಟರ್ ಚಿಪ್‌ಗಳ ಊರಾಗಿಬಿಟ್ಟಿದೆ. ನಮ್ಮ ಕಡೆಯ ಇಂಜಿನಿಯರುಗಳೂ ಅಲ್ಲಿ ಇದ್ದಾರೆ. ಭಾವನವರಿಗೆ ತಿಂಗಳಲ್ಲಿ ಅರ್ಧ ದಿನ ತೈವಾನ್, ವಿಯೆಟ್ನಾಂ ಎಂದು ಓಡಾಟ. ಹೀಗಿರುವಾಗ ಚಿಕ್ಕಮಗಳೂರಿನಲ್ಲಿ ತಂಗಿಯ ಅತ್ತೆಗೆ ಪಾರ್ಶ್ವವಾಯು ಬಡಿಯಿತು. ಮನೆಗೆ ಅವಳೊಬ್ಬಳೇ ಸೊಸೆ. ಚಿಕ್ಕ ಮಗಳನ್ನು ಕರೆದುಕೊಂಡು ಊರಿಗೆ ಬರಲೇಬೇಕು. ಆದರೆ ಹದಿನೈದು ವರ್ಷದ ಮಗ? ಅವನು ಅಲ್ಲಿಯ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಓದುತ್ತಿದ್ದ. ಮುಂದಿನ ವರ್ಷ ದೊಡ್ಡ ಪರೀಕ್ಷೆ. ಆ ಶಾಲೆಗೆ ಮನೆಯಿಂದ ಹೋಗಿ ಬರುವ ಮಕ್ಕಳೂ ಇದ್ದಾರೆ, ಅಲ್ಲೇ ಉಳಿಯುವ ಮಕ್ಕಳೂ ಇದ್ದಾರೆ. ಮನೆಯಿಂದ ಹೋಗುತ್ತಿದ್ದವನನ್ನು ಹಾಸ್ಟೆಲಿಗೆ ಸೇರಿಸುವುದೋ ಬೇಡವೋ, ಅಷ್ಟೇ ವಿಷಯ. ಆ 'ಅಷ್ಟೇ' ತಂಗಿಯ ನಿದ್ದೆ ಕಿತ್ತುಕೊಂಡಿತ್ತು.

ಇಂಟರ್‌ನ್ಯಾಷನಲ್ ಸ್ಕೂಲ್ ಎಂಬ ಬೋರ್ಡು ಈಗ ನಮ್ಮ ತಾಲೂಕು ಕೇಂದ್ರಗಳಲ್ಲೂ ಕಾಣಸಿಗುತ್ತದೆ. ಒಳಗೆ ಹೋದರೆ ಅದೇ ಸಿಬಿಎಸ್‌ಇ ಪುಸ್ತಕ, ಅದೇ ಟೈ, ಅದೇ ಡೊನೇಶನ್. ನಾನು ಹೇಳುತ್ತಿರುವುದು ಆ ಬಗೆಯದ್ದಲ್ಲ. ಅಲ್ಲಿ ಪಾಠಕ್ರಮ ಇಂಗ್ಲೆಂಡಿನದು. ಐದು ವರ್ಷದ ಮಗು ಒಂದನೇ ವರ್ಷ ಎಂದು ಎಣಿಕೆ ಶುರು. ಹನ್ನೊಂದನೇ ವರ್ಷದ ಕೊನೆಗೆ, ಅಂದರೆ ಹದಿನಾರರ ವಯಸ್ಸಿಗೆ, ಐಜಿಸಿಎಸ್‌ಇ ಎಂಬ ಪರೀಕ್ಷೆ. ಆಮೇಲೆ ಎರಡು ವರ್ಷ ಎ ಲೆವೆಲ್ ಅಥವಾ ಐಬಿ. ವರ್ಷಕ್ಕೆ ಮೂರು ಟರ್ಮ್, ಟರ್ಮ್‌ನ ನಡುವೆ ಒಂದು ವಾರದ ರಜೆ. ಐಜಿಸಿಎಸ್‌ಇ ಓದು ಎರಡು ವರ್ಷದ್ದು. ಅದನ್ನು ಅರ್ಧಕ್ಕೆ ಬಿಟ್ಟು ಬಂದ ಹುಡುಗ ನಮ್ಮಲ್ಲಿ ಎಸ್ಸೆಸ್ಸೆಲ್ಸಿಗೆ ಕುಳಿತರೆ ಕನ್ನಡ, ಸಮಾಜ ವಿಜ್ಞಾನ ಎಲ್ಲವೂ ಹೊಸದು. ಪೂರ್ತಿ ಮಾಡಿ ಐದು ವಿಷಯಗಳಲ್ಲಿ ಒಳ್ಳೆಯ ಗ್ರೇಡ್ ಪಡೆದು ಬಂದರೆ ಭಾರತದ ವಿಶ್ವವಿದ್ಯಾಲಯಗಳ ಸಂಘ ಅದನ್ನು ಹತ್ತನೇ ತರಗತಿಗೆ ಸಮ ಎಂದು ಒಪ್ಪುತ್ತದೆ. ವಿದೇಶದಿಂದ ಮಕ್ಕಳನ್ನು ಕರೆತರುವ ತಾಯಂದಿರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಎಷ್ಟೋ ಮನೆಗಳಲ್ಲಿ ವಿಮಾನ ಇಳಿದ ಮೇಲೆ ವಿಚಾರಿಸುತ್ತಾರೆ.

ಒಂದು ಭಾನುವಾರ ತಂಗಿಯ ಮನಸ್ಸು ಹಗುರಾಗಲಿ ಎಂದು ಎಲ್ಲರೂ ಪೆನಾಂಗ್ ಬೆಟ್ಟಕ್ಕೆ ಹೊರಟೆವು. ಏರ್ ಇತಾಮ್ ಎಂಬಲ್ಲಿಂದ ಉಕ್ಕಿನ ಹಗ್ಗದಲ್ಲಿ ಎಳೆಯುವ ರೈಲು ನೇರ ಬೆಟ್ಟ ಹತ್ತುತ್ತದೆ. 1923ರಲ್ಲಿ ಓಡಲು ಶುರುವಾದ ಹಳೆಯ ರೈಲಿನಲ್ಲಿ ಅರ್ಧ ದಾರಿಯಲ್ಲಿ ಇಳಿದು ಇನ್ನೊಂದು ಗಾಡಿ ಹತ್ತಬೇಕಿತ್ತಂತೆ. 2011ರಲ್ಲಿ ಹೊಸ ಗಾಡಿ ಬಂದ ಮೇಲೆ ಕೆಲವೇ ನಿಮಿಷಗಳ ಪಯಣ. ಹೊಟ್ಟೆಯೊಳಗೆ ಏನೋ ಜಾರಿದ ಹಾಗೆ ಅನಿಸುವಷ್ಟರಲ್ಲಿ ಮೇಲಿದ್ದೆವು. ಕೆಳಗಿನ ಬೆವರು ಮೇಲೆ ಇಲ್ಲ. ನಮ್ಮ ಮುಳ್ಳಯ್ಯನಗಿರಿಯ ಗಾಳಿ ನೆನಪಾಯಿತು. ಮೇಲೆ ಒಂದು ಮಸೀದಿ, ಪಕ್ಕದಲ್ಲೇ ಮುರುಗನ ದೇವಸ್ಥಾನ. ಮಸೀದಿಯಲ್ಲಿ ಝುಹರ್ ನಮಾಝ್ ಮುಗಿಸಿ ಹೊರಬಂದಾಗ ತಂಗಿಯ ಮಗ ದೂರದ ಒಂದು ಕಟ್ಟಡ ತೋರಿಸಿ, "ಖಾಲಾ, ಅಲ್ಲೊಂದು ಹಾಸ್ಟೆಲ್ ಶಾಲೆ ಇತ್ತಂತೆ" ಎಂದ. ತಾಯಿಯ ಮುಖ ನೋಡಿಕೊಂಡೇ ಹೇಳಿದ. ಜಾಣ.

ಅದು ಕ್ರ್ಯಾಗ್ ಹೋಟೆಲ್. ಬಿಳಿಯರು ಸೆಕೆ ತಪ್ಪಿಸಿಕೊಳ್ಳಲು ಬಂದು ತಂಗುತ್ತಿದ್ದ ಜಾಗ. 1955ರಲ್ಲಿ ಮಲಾಯಾದ ತೋಟಗಾರರ ಸಂಘ ಅದೇ ಕಟ್ಟಡದಲ್ಲಿ ಅಪ್‌ಲ್ಯಾಂಡ್ಸ್ ಎಂಬ ವಸತಿ ಶಾಲೆ ತೆರೆಯಿತು. ರಬ್ಬರ್ ತೋಟಗಳ ಇಂಗ್ಲಿಷ್ ಮ್ಯಾನೇಜರುಗಳ ಮಕ್ಕಳಿಗಾಗಿ ಆ ಶಾಲೆ.

ಬೆಟ್ಟದ ತುದಿಯಲ್ಲಿ ಯಾಕೆ ಎಂದು ನಿಮಗೂ ಅನಿಸಬಹುದು. 1948ರ ಜೂನ್‌ನಲ್ಲಿ ಸುಂಗೈ ಸಿಪುಟ್ ಬಳಿ ಮೂವರು ತೋಟದ ಮ್ಯಾನೇಜರುಗಳನ್ನು ಕಮ್ಯುನಿಸ್ಟ್ ಬಂಡುಕೋರರು ಗುಂಡಿಕ್ಕಿ ಕೊಂದರು. ಸರಕಾರ ತುರ್ತುಪರಿಸ್ಥಿತಿ ಘೋಷಿಸಿತು. ಅದು ಮುಗಿದದ್ದು 1960ರಲ್ಲಿ. ಆ ಹನ್ನೆರಡು ವರ್ಷ ಕಾಡಿನಂಚಿನ ತೋಟದ ಬಂಗಲೆಗಳಲ್ಲಿ ಜೀವ ಕೈಯಲ್ಲಿ ಹಿಡಿದು ಬದುಕುವ ಸ್ಥಿತಿ. ಅಂಥಲ್ಲಿ ಮಗುವನ್ನು ಇಟ್ಟುಕೊಳ್ಳುವುದು ಹೇಗೆ? ಇಂಗ್ಲೆಂಡಿಗೆ ಕಳಿಸಿದರೆ ಹಡಗಿನಲ್ಲೇ ಮೂರು ನಾಲ್ಕು ವಾರ, ಮತ್ತೆ ಮುಖ ನೋಡಲು ವರ್ಷಗಳು. ಪೆನಾಂಗ್ ಬೆಟ್ಟದಲ್ಲಾದರೆ ರಜೆಗೆ ಮನೆಗೆ ಕರೆಸಿಕೊಳ್ಳಬಹುದು. ಹಾಸ್ಟೆಲ್ ಎಂದರೆ ಮಕ್ಕಳನ್ನು ದೂರ ಮಾಡುವ ಜಾಗ ಎಂದು ನಾನು ತಿಳಿದಿದ್ದೆ. ಈ ಹಾಸ್ಟೆಲ್ ಹುಟ್ಟಿದ್ದು ಮಕ್ಕಳನ್ನು ಅಷ್ಟಿಷ್ಟು ಹತ್ತಿರ ಉಳಿಸಿಕೊಳ್ಳಲು.

ಹಿಂದಿನವರಿಗೆ ಆ ಭಾಗ್ಯವೂ ಇರಲಿಲ್ಲ. ಜಂಗಲ್ ಬುಕ್ ಬರೆದ ಕಿಪ್ಲಿಂಗ್ ಹುಟ್ಟಿದ್ದು ಮುಂಬಯಿಯಲ್ಲಿ. 1871ರಲ್ಲಿ, ಆರು ತುಂಬುವ ಮೊದಲೇ, ಮೂರು ವರ್ಷದ ತಂಗಿಯ ಜೊತೆ ಅವನನ್ನು ಇಂಗ್ಲೆಂಡಿನ ಸೌತ್‌ಸೀ ಎಂಬ ಊರಿನ ಪರಿಚಯವಿಲ್ಲದ ಒಂದು ಮನೆಯಲ್ಲಿ ಬಿಟ್ಟು ತಂದೆ ತಾಯಿ ಮುಂಬಯಿಗೆ ಮರಳಿದರು. ಯಾಕೆ ಬಿಡುತ್ತಿದ್ದೇವೆ ಎಂದು ಆ ಮಕ್ಕಳಿಗೆ ಹೇಳಲೂ ಇಲ್ಲ. ತಾಯಿ ಮತ್ತೆ ಬಂದದ್ದು 1877ರಲ್ಲಿ. ಆ ಮನೆಯಲ್ಲಿ ಪಟ್ಟ ಪಾಡನ್ನು ಅವನು ಮುಂದೆ ಕತೆಯಾಗಿ ಬರೆದ.

ನಮ್ಮ ಕಾಫಿ ಸೀಮೆಯಲ್ಲೂ ಇದೇ ಕತೆ. ನನ್ನ ದಾದಾ ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಬಿಳಿ ದೊರೆಯ ಬಂಗಲೆಯ ಬಟ್ಲರ್ ಆಗಿದ್ದರು. ದೊರೆಗೆ ಇಬ್ಬರು ಮಕ್ಕಳಿದ್ದರೂ ಬಂಗಲೆಯಲ್ಲಿ ಮಕ್ಕಳ ಸದ್ದೇ ಇರಲಿಲ್ಲವಂತೆ. ವಿಲಾಯತಿಯಿಂದ ಟಪಾಲು ಬಂದ ದಿನ ದೊರೆಸಾನಿ ಊಟದ ಮೇಜಿಗೆ ಬರುತ್ತಿರಲಿಲ್ಲ, ಮಾಡಿದ ಪುಡಿಂಗ್ ಹಾಗೇ ಅಡುಗೆಮನೆಗೆ ವಾಪಸಾಗುತ್ತಿತ್ತು ಎಂದು ದಾದಾ ಹೇಳುತ್ತಿದ್ದರು. ಚಿಕ್ಕವರಾದ ನಮಗೆ ಆಗ ಆ ಪುಡಿಂಗನ್ನು ಯಾರು ತಿಂದರು ಎಂಬುದೇ ಮುಖ್ಯವಾಗಿತ್ತು.

ಬೆಟ್ಟದ ಶಾಲೆ ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ ಕೆಳಗಿಳಿದು ಕೆಲಾವೈ ರಸ್ತೆಯ ಹಳೆಯ ಕ್ರೈಸ್ತ ಕಟ್ಟಡವೊಂದಕ್ಕೆ ಬಂತು. 1957ರಲ್ಲೇ ಮಲಾಯಾ ಸ್ವತಂತ್ರವಾಗಿತ್ತು. ಬಿಳಿ ತೋಟಗಾರರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಅವರ ಜಾಗಕ್ಕೆ ಕಾರ್ಖಾನೆಗಳ ಇಂಜಿನಿಯರುಗಳ ಮಕ್ಕಳು ಬಂದರು. 2006ರಲ್ಲಿ ಶಾಲೆ ಕಡಲತೀರದ ಬಾಟು ಫೆರಿಂಗಿಗೆ ಹೋಯಿತು. ಹಿಂದೆ ಇಂಥ ಶಾಲೆಗಳಲ್ಲಿ ಮಲೇಶ್ಯಾದ ಮಕ್ಕಳಿಗೆ ಮಿತಿ ಇತ್ತು. 2012ರಲ್ಲಿ ಸರಕಾರ ಅದನ್ನು ತೆಗೆದುಹಾಕಿತು. ಈಗ ಹಣವಿರುವ ಸ್ಥಳೀಯರೂ ಸೇರಿಸುತ್ತಾರೆ. ಅಲ್ಲಿಯ ಪ್ರಜೆಗಳಾದ ಮುಸ್ಲಿಂ ಮಕ್ಕಳಿಗೆ ಇಂಥ ಶಾಲೆಗಳಲ್ಲೂ ದೀನಿ ಪಾಠ ಕಡ್ಡಾಯ. ಹೊರದೇಶದವರಿಗೆ ಆ ಕಡ್ಡಾಯ ಇಲ್ಲ. ಅಂದರೆ ನಮ್ಮ ಹುಡುಗನ ದೀನಿ ಪಾಠ ಮನೆಯವರದೇ ಹೊಣೆ. ಅದಕ್ಕೇ ತಂಗಿಗೆ ಹೆಚ್ಚು ಚಿಂತೆ.

ಮರುದಿನ ಅವನ ಶಾಲೆಯ ಹಾಸ್ಟೆಲ್ ನೋಡಲು ಹೋದೆವು. ಶಾಲೆಯ ಹೆಸರು ಇಲ್ಲಿ ಬೇಡ, ಅದು ಮನೆಯ ವಿಷಯ. ಫೀಸಿನ ಹಾಳೆ ನೋಡಿ ನನ್ನವರು, "ಇಷ್ಟರಲ್ಲಿ ನಮ್ಮ ಶಾಲೆಗೆ ಎರಡು ಕೊಠಡಿ ಕಟ್ಟಬಹುದಿತ್ತು" ಎಂದು ನನ್ನ ಕಿವಿಯಲ್ಲಿ ಹೇಳಿದರು. ಕಂಪೆನಿ ಕೊಡುತ್ತದೆ ಎಂಬ ಕಾರಣಕ್ಕೆ ಭಾವನವರು ಉಸಿರಾಡುತ್ತಿದ್ದಾರೆ. ಭಾವ ಕೇಳಿದ್ದೆಲ್ಲ ಫಲಿತಾಂಶ, ಇಂಟರ್‌ನೆಟ್, ಯೂನಿವರ್ಸಿಟಿ. ತಂಗಿ ಕೇಳಿದ್ದು ಬೇರೆ. ರಾತ್ರಿ ಜ್ವರ ಬಂದರೆ ಯಾರನ್ನು ಎಬ್ಬಿಸಬೇಕು? ಅವರು ಹೆಂಗಸೋ ಗಂಡಸೋ, ಅದೇ ಕಟ್ಟಡದಲ್ಲಿ ಮಲಗುತ್ತಾರೋ? ಅಡುಗೆ ಹಲಾಲ್ ಎಂದಿರಿ, ಹುಟ್ಟುಹಬ್ಬಕ್ಕೆ ಹೊರಗಿನಿಂದ ತರಿಸುವುದು? ರಮಝಾನ್‌ನಲ್ಲಿ ಸಹರಿಗೆ ಬಿಸಿ ಊಟ ಸಿಗುತ್ತದೋ, ತಣ್ಣನೆಯ ಬ್ರೆಡ್ಡೋ? ಜುಮಾಕ್ಕೆ ಯಾರು ಕರೆದೊಯ್ಯುತ್ತಾರೆ, ತಪ್ಪಿಸಿಕೊಂಡರೆ ನನಗೆ ಗೊತ್ತಾಗುವುದು ಹೇಗೆ? ಹಾಸ್ಟೆಲಿನ ಮೇಡಂ ಹಿರಿಯ ಚೀನೀ ಹೆಂಗಸು. ಸಹನೆಯಿಂದ ಉತ್ತರಿಸಿದರು. ಸಹರಿಯ ಬಗ್ಗೆ, "ಅನ್ನ ಮತ್ತು ಮೊಟ್ಟೆ, ನಾಲ್ಕೂವರೆಗೆ. ನಾನೇ ಏಳುತ್ತೇನೆ" ಎಂದರು. ಆ 'ನಾನೇ' ಕೇಳಿ ತಂಗಿ ಮೊದಲ ಬಾರಿಗೆ ಕುರ್ಚಿಗೆ ಒರಗಿದಳು.

ಒಂದು ಪ್ರಶ್ನೆಗೆ ಮಾತ್ರ ಉತ್ತರ ಸರಿ ಬರಲಿಲ್ಲ. ಮಗ ಫೋನ್ ಮಾಡದಿದ್ದರೆ? "ಮೊದಲ ಎರಡು ವಾರ ಮಕ್ಕಳು ತುಂಬ ಫೋನ್ ಮಾಡುತ್ತಾರೆ. ಆಮೇಲೆ ಮರೆಯುತ್ತಾರೆ. ಅದು ಒಳ್ಳೆಯ ಲಕ್ಷಣ" ಎಂದರು ಮೇಡಂ. ಟೀಚರ್ ಆಗಿ ನಾನು ಒಪ್ಪುವ ಮಾತು. ಆದರೆ ಅಕ್ಕನಾಗಿ ಆ ಹೊತ್ತಿಗೆ ತಂಗಿಯ ಕಡೆ ನೋಡಲಾಗಲಿಲ್ಲ.

ರಾತ್ರಿ ಅವಳು ಕೇಳಿದಳು, "ಆಪಾ, ನಿನ್ನನ್ನು ಮದ್ರಸಾದಲ್ಲಿ ಬಿಟ್ಟು ಬಂದಾಗ ಅಮ್ಮಿ ಹೇಗಿದ್ದರು?" ನನ್ನನ್ನು ಹನ್ನೆರಡನೇ ವಯಸ್ಸಿಗೆ ಹೆಣ್ಣುಮಕ್ಕಳ ಮದ್ರಸಾದ ಹಾಸ್ಟೆಲಿಗೆ ಸೇರಿಸಿದ್ದರು. ಏಳು ವರ್ಷ ಅಲ್ಲಿದ್ದೆ. ಬಿಎ ಮಾಡಿದ್ದು ಆಮೇಲೆ, ಮನೆಯಲ್ಲಿ ಕುಳಿತು. ಅಮ್ಮಿ ಹೇಗಿದ್ದರೆಂದು ನನಗೆ ಗೊತ್ತಿಲ್ಲ ಎಂದೆ. ನನಗೆ ಗೊತ್ತಿದ್ದದ್ದು ನನ್ನ ಅಳು ಮಾತ್ರ. ಅದಕ್ಕೆ ತಂಗಿಯೇ ಉತ್ತರ ಹೇಳಿದಳು. ಆಗ ಅವಳಿಗೆ ಆರು ವರ್ಷ. "ಅಮ್ಮಿ ಎಷ್ಟೋ ದಿನ ನಿನ್ನ ತಟ್ಟೆಯನ್ನೂ ತೊಳೆದು ಕವುಚಿ ಇಡುತ್ತಿದ್ದರು. ನನಗೆ ಆಟ ಎನಿಸುತ್ತಿತ್ತು." ಮೂವತ್ತು ವರ್ಷಗಳಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಅಮ್ಮಿ ತೀರಿಕೊಂಡು ನಾಲ್ಕು ವರ್ಷವಾಯಿತು.

ಆ ಏಳು ವರ್ಷ ನನಗೆ ಕೊಟ್ಟದ್ದನ್ನು ನಾನು ಅಲ್ಲಗಳೆಯಲಾರೆ. ಇಂದು ತರಗತಿಯಲ್ಲಿ ನಿಂತು ಮಾತಾಡುವ ಧೈರ್ಯ ಅಲ್ಲಿಯದು. ಆದರೂ ನೀನು ಬಿಡು ಎಂದಾಗಲಿ ಬೇಡ ಎಂದಾಗಲಿ ನಾನು ತಂಗಿಗೆ ಹೇಳಲಿಲ್ಲ. ಮಗನನ್ನೇ ಕೇಳು ಎಂದೆ. ಕಿಪ್ಲಿಂಗನ ತಾಯಿ ಮಾಡದ ಕೆಲಸ ಅದು. ಹುಡುಗ ಒಂದು ದಿನ ಸಮಯ ಕೇಳಿದ. ಮರುದಿನ ಹೇಳಿದ, "ಒಂದು ವರ್ಷ ಇರುತ್ತೇನೆ ಅಮ್ಮಿ. ಪರೀಕ್ಷೆ ಮುಗಿದ ಮೇಲೆ ಊರಿಗೆ ಬರುತ್ತೇನೆ. ಟರ್ಮ್ ನಡುವಿನ ರಜೆಗೆ ಅಬ್ಬಾ ಇಲ್ಲೇ ಇರಬೇಕು, ಆ ವಾರ ತೈವಾನ್ ಬೇಡ." ಭಾವ ಗೋಡೆಯ ಕ್ಯಾಲೆಂಡರಿನಲ್ಲಿ ಆ ವಾರಗಳಿಗೆ ಕೆಂಪು ಗೆರೆ ಹಾಕಿದರು.

ಹಾಸ್ಟೆಲಿನವರು ಒಂದು ಪಟ್ಟಿ ಕಳಿಸಿದರು. ಬ್ರಿಟಿಷ್ ಪದ್ಧತಿಯಂತೆ ಪ್ರತಿ ಬಟ್ಟೆಗೂ ಹುಡುಗನ ಹೆಸರಿನ ಪಟ್ಟಿ ಹೊಲಿದಿರಬೇಕು, ಕಾಲುಚೀಲಕ್ಕೂ. ಮದ್ರಸಾಕ್ಕೆ ಹೋಗುವಾಗ ನನ್ನ ಬಟ್ಟೆಗಳ ಮೇಲೆ ಅಮ್ಮಿ ಅಳಿಯದ ಮಸಿಯಲ್ಲಿ ನಂಬರ್ ಬರೆದಿದ್ದರು, 43. ನಾವು ಹೊರಡುವ ಹಿಂದಿನ ರಾತ್ರಿ ಇಬ್ಬರೂ ಸೂಜಿ ದಾರ ಹಿಡಿದು ಕುಳಿತೆವು. ಪಟ್ಟಿಯಲ್ಲಿ ಇಲ್ಲದ ಜಾನಮಾಝಿಗೂ ತಂಗಿ ಹೆಸರು ಹೊಲಿದಳು. ಎಂಟು ಜೊತೆ ಕಾಲುಚೀಲ, ಹದಿನಾರು ಹೆಸರು. ಹದಿನಾಲ್ಕು ಮುಗಿಯುವಷ್ಟರಲ್ಲಿ ಫಜ್ರ್ ಅಝಾನ್ ಆಯಿತು.