ಕೆರೆಗೆ ಒಂದು ಸುತ್ತು

ಮೈಸೂರಿಗೆ ಬಂದ ನೆಂಟರು ಅರಮನೆ ನೋಡುತ್ತಾರೆ, ಚಾಮುಂಡಿ ಬೆಟ್ಟಕ್ಕೆ ಹೋಗುತ್ತಾರೆ, ಮೃಗಾಲಯದಲ್ಲಿ ಮಕ್ಕಳನ್ನು ಸುತ್ತಿಸುತ್ತಾರೆ. ಸಂಜೆಗೆ ಬೃಂದಾವನದ ಕಾರಂಜಿ. ಅಲ್ಲಿಗೆ ಮೈಸೂರು ಮುಗಿಯಿತು. ಕುಕ್ಕರಹಳ್ಳಿ ಕೆರೆಯನ್ನು ನೋಡಲೆಂದೇ ಕಾರು ಮಾಡಿಕೊಂಡು ಬಂದ ಪ್ರವಾಸಿಗಳನ್ನು ನಾನಂತೂ ಕಂಡಿಲ್ಲ. ಅದು ಊರವರ ಕೆರೆ. ಬೆಳಗಾದರೆ ಅಲ್ಲಿ ನಡೆಯುವವರು, ಓಡುವವರು, ಬೈನಾಕ್ಯುಲರ್ ಹಿಡಿದು ಹಕ್ಕಿ ಹುಡುಕುವವರು, ಕಲ್ಲುಬೆಂಚಿನ ಮೇಲೆ ಕುಳಿತು ರಾಜಕೀಯ ಮಾತಾಡುವ ನಿವೃತ್ತರು.

ನಾವು ಸರಸ್ವತಿಪುರಂನಲ್ಲಿ ಮನೆ ಮಾಡಿ ಹದಿನೆಂಟು ವರ್ಷವಾಯಿತು. ಕೆರೆ ನಮಗೆ ನಡೆದು ಹೋಗುವಷ್ಟು ಹತ್ತಿರ. ಆದರೂ ಈ ಹದಿನೆಂಟು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಹತ್ತು ಸಲವೂ ಇರಲಾರದು. ಬೆಳಿಗ್ಗೆ ಎದ್ದರೆ ತಿಂಡಿ, ನಾಲ್ಕು ಜನರ ಡಬ್ಬಿ, ಆಮೇಲೆ ನನ್ನ ಶಾಲೆ. ಒಂಬತ್ತನೇ ತರಗತಿಯ ಮಕ್ಕಳಿಗೆ ಸಂಧಿ ಸಮಾಸ ಹೇಳಿಕೊಡುವ ನನಗೆ ಹೆಜ್ಜಾರ್ಲೆ ನೋಡಲು ಪುರುಸೊತ್ತೆಲ್ಲಿ?

ಪುರುಸೊತ್ತು ಸಿಕ್ಕಿತು. ಕೇಳದೆಯೇ ಸಿಕ್ಕಿತು. ಕಳೆದ ವರ್ಷ ಮೇ ತಿಂಗಳಲ್ಲಿ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಅವರೆಕಾಳಿನಷ್ಟು ದಪ್ಪದ ಗಂಟು ಕೈಗೆ ತಾಗಿತು. ನೋವಿರಲಿಲ್ಲ. ನೋವಿಲ್ಲವಲ್ಲ ಎಂದು ನಾನು ಸುಮ್ಮನಿದ್ದುಬಿಡುತ್ತಿದ್ದೆ. ನಮ್ಮ ಅತ್ತೆ ಬಿಡಲಿಲ್ಲ. ಪರೀಕ್ಷೆಯಾಯಿತು, ಕ್ಯಾನ್ಸರ್ ಎಂದಾಯಿತು, ಜೂನ್‌ನಲ್ಲಿ ಶಸ್ತ್ರಚಿಕಿತ್ಸೆಯೂ ಆಯಿತು. ಜುಲೈಯಿಂದ ಇಪ್ಪತ್ತೊಂದು ದಿನಕ್ಕೊಂದರಂತೆ ಎಂಟು ಕೀಮೋಥೆರಪಿ. ಆಮೇಲೆ ಮೂರು ವಾರ ರೇಡಿಯೇಷನ್. ಆ ವರ್ಷ ನಾವು ಯಾವ ಊರಿಗೂ ಹೋಗಲಿಲ್ಲ. ನಾನು ಮಾಡಿದ ದೊಡ್ಡ ಪ್ರವಾಸವೆಂದರೆ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು. ಸುಮಾರು 5 ಕಿಲೋಮೀಟರ್ ದಾರಿ. ಅದನ್ನು ಮುಗಿಸಲು ನನಗೆ ಏಳು ತಿಂಗಳು ಹಿಡಿಯಿತು ಎಂದರೆ ನೀವು ನಗಬಹುದು. ಈಗ ನಾನೂ ನಗುತ್ತೇನೆ.

ಕೆರೆಗೆ ಹೋಗಲು ಹೇಳಿದವರು ಡಾಕ್ಟರೇ. ಎರಡನೇ ಕೀಮೋ ಹೊತ್ತಿಗೆ ಹಾಸಿಗೆ ಬಿಟ್ಟು ಏಳಲು ಮನಸ್ಸೇ ಬರುತ್ತಿರಲಿಲ್ಲ. ಕೆಲಸ ಮಾಡಿ ಆಗುವ ಸುಸ್ತಲ್ಲ ಅದು. ರಾತ್ರಿಯಿಡೀ ಮಲಗಿದರೂ ಹೋಗುವುದಿಲ್ಲ. "ಈ ಸುಸ್ತಿಗೆ ಬರೀ ಮಲಗುವುದು ಮದ್ದಲ್ಲಮ್ಮ. ಆದಷ್ಟು ನಡೆಯಿರಿ. ಹತ್ತು ಹೆಜ್ಜೆಯಾದರೆ ಹತ್ತೇ ಹೆಜ್ಜೆ" ಎಂದರು. ಜೊತೆಗೆ ನಿಯಮಗಳನ್ನೂ ಹೇಳಿದರು. ಕೀಮೋ ಆದ ಎರಡನೇ ವಾರದ ಹೊತ್ತಿಗೆ ರಕ್ತದ ಬಿಳಿಕಣಗಳು ಇಳಿಯುತ್ತವೆ, ಆಗ ಜನಸಂದಣಿ ಬೇಡ. ಹೊರಗೆ ಹೆಚ್ಚಿಟ್ಟ ಹಣ್ಣು ಬೇಡ. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಫೋನ್ ಮಾಡಬೇಕು. ನಮ್ಮವರು ಇವನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಬ್ಯಾಂಕಿನವರಲ್ಲವೇ, ಕೆಳಗೆ ತಾರೀಖು ಹಾಕಿ ಸಹಿಯನ್ನೂ ಮಾಡಿದ್ದರು!

ಮೊದಲ ದಿನ ಅವರು ಸ್ಕೂಟರಿನಲ್ಲಿ ಕೆರೆಯ ಗೇಟಿನವರೆಗೆ ಬಿಟ್ಟರು. ಅಲ್ಲಿಂದ ಮೊದಲ ಕಲ್ಲುಬೆಂಚಿನವರೆಗೆ ನಡೆದೆ. ನನ್ನ ಮಗಳು ಎಣಿಸಿದಳು, ಇನ್ನೂರ ಹನ್ನೆರಡು ಹೆಜ್ಜೆ. ಅಷ್ಟಕ್ಕೇ ಎದುಸಿರು ಬಂದು ಕುಳಿತೆ. ಎದುರಿಗೆ ನೀರಿನ ನಡುವೆ ಒಂದು ಸಣ್ಣ ದ್ವೀಪ, ಅದರ ಮರಗಳ ತುಂಬ ಬೆಳ್ಳಗೆ ಹಕ್ಕಿಗಳು. ರೆಕ್ಕೆ ಬಿಡಿಸಿ ಬಿಸಿಲಿಗೆ ಒಣಗಿಸಿಕೊಳ್ಳುತ್ತ ನೀರುಕಾಗೆಗಳು ಕುಳಿತಿದ್ದವು. ಅವಕ್ಕೆ ಏನೂ ಅವಸರವಿರಲಿಲ್ಲ. ನನಗೂ ಇರಲಿಲ್ಲ. ಅರ್ಧ ಗಂಟೆ ಕುಳಿತು ಮನೆಗೆ ಬಂದೆವು.

ಈ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದರು. ಊರಾಚೆಯ ಹೊಲಗದ್ದೆಗಳಿಗೆ ನೀರುಣಿಸುವುದು ಅದರ ಉದ್ದೇಶವಾಗಿತ್ತು. ಈಗ ಊರೇ ಬೆಳೆದು ಕೆರೆಯನ್ನು ಮಡಿಲಲ್ಲಿಟ್ಟುಕೊಂಡಿದೆ. ಪಕ್ಕದಲ್ಲೇ ಮಾನಸಗಂಗೋತ್ರಿ. ಕುವೆಂಪು ಅವರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ ಮೂಡಿದ ಆವರಣ ಅದು. ಆ ಹೆಸರಿಟ್ಟವರೂ ಅವರೇ. ಕವಿಗೆ ಈ ಕೆರೆಯೆಂದರೆ ಬಹಳ ಪ್ರೀತಿ. ಇದೆಲ್ಲವನ್ನೂ ನಾನು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೆ. ಹೇಳುವಾಗ ಕೆರೆಯನ್ನು ಮಾತ್ರ ನೋಡಿರಲಿಲ್ಲ.

ಎರಡನೇ ಬೆಂಚು, ಮೂರನೇ ಬೆಂಚು ಎಂದು ದಾರಿ ಬೆಳೆಯುತ್ತ ಹೋಯಿತು. ಕೀಮೋ ಆದ ವಾರ ಮತ್ತೆ ಮೊದಲ ಬೆಂಚಿಗೇ ಇಳಿಯುತ್ತಿತ್ತು. ಹಾವು ಏಣಿ ಆಟದ ಹಾಗೆ. ತಲೆಗೂದಲು ಮೊದಲ ತಿಂಗಳಲ್ಲೇ ಉದುರಿತ್ತು. ಹತ್ತಿಯ ಸ್ಕಾರ್ಫ್ ಕಟ್ಟಿಕೊಂಡು, ಯಾರಾದರೂ ಪರಿಚಯದವರು ಸಿಕ್ಕಾರೆಂದು ತಲೆ ತಗ್ಗಿಸಿ ನಡೆಯುತ್ತಿದ್ದೆ. ಒಂದು ದಿನ ಗಾಳಿಗೆ ಸ್ಕಾರ್ಫ್ ಜಾರಿತು. ಎದುರಿಗೆ ತಾತನ ಕೈ ಹಿಡಿದು ಬರುತ್ತಿದ್ದ ಐದಾರು ವರ್ಷದ ಹುಡುಗ ನಿಂತು ನೋಡಿ, "ಆಂಟೀ, ನೀವೂ ತಿರುಪತಿಗೆ ಹೋಗಿದ್ರಾ? ನಾನೂ ಹೋಗಿದ್ದೆ" ಎಂದ. ಅವನ ತಲೆಯೂ ನುಣ್ಣಗಿತ್ತು. ತಾತನವರು ಮುಜುಗರಪಟ್ಟರು. ನಾನು ಮತ್ತು ನನ್ನ ಮಗಳು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆಮೇಲೆ ಸ್ಕಾರ್ಫ್ ಬಗ್ಗೆ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಆ ತಾತ ಮಾತ್ರ ನನ್ನ ಹಾಜರಿ ಇಡತೊಡಗಿದರು. ಎರಡು ದಿನ ತಪ್ಪಿದರೆ ಮೂರನೇ ದಿನ, "ಯಾಕಮ್ಮ, ಕಾಣಲೇ ಇಲ್ಲ?" ಎನ್ನುತ್ತಿದ್ದರು. ಕಾಯಿಲೆ ಏನೆಂದು ಮಾತ್ರ ಒಂದು ದಿನವೂ ಕೇಳಲಿಲ್ಲ.

ಕೆರೆಯ ಬಳಿ ಎಲ್ಲ ಹೀಗೆ ಸರಾಗವಾಗಿದ್ದರೆ, ತೊಡಕಿದ್ದದ್ದು ಮನೆಯಲ್ಲಿ. ಯಾರೂ ಕೆಟ್ಟವರಾಗಿರಲಿಲ್ಲ. ಎಲ್ಲರೂ ತೀರ ಒಳ್ಳೆಯವರಾಗಿಬಿಟ್ಟಿದ್ದರು, ಅದೇ ಕಷ್ಟ. ಅಡುಗೆಮನೆಗೆ ಕಾಲಿಟ್ಟರೆ ಅತ್ತೆ, "ನೀನು ಹೋಗಿ ಕೂತ್ಕೋಮ್ಮ" ಎನ್ನುವರು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರೆ ಇಡೀ ಮನೆ ಎದ್ದು ನಿಲ್ಲುವುದು. ಎಂಟನೇ ತರಗತಿಯ ಮಗಳು ಅಣ್ಣನೊಡನೆ ಜಗಳವಾಡುವುದನ್ನೇ ಬಿಟ್ಟಿದ್ದಳು. ಎರಡನೇ ಪಿಯುಸಿಯಲ್ಲಿದ್ದ ಮಗ ಕೇಳಿದ್ದಕ್ಕೆಲ್ಲ "ಹೂಂ ಅಮ್ಮ, ಓದ್ತಿದೀನಿ" ಎನ್ನುತ್ತಿದ್ದ. ನನ್ನ ಮನೆಯಲ್ಲಿ ನಾನೇ ನೆಂಟಳಾಗಿದ್ದೆ. ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವವರಿಗೆ ಇದು ತಿಳಿಯುವುದಿಲ್ಲ. ತಪ್ಪು ಅವರದಲ್ಲ. ನಾವೇ ಬಾಯಿಬಿಟ್ಟು ಹೇಳಬೇಕು.

ನಾನು ಹೇಳಿದ್ದು ಡಿಸೆಂಬರಿನಲ್ಲಿ, ಸೊಗಡವರೆ ಕಾಲದಲ್ಲಿ. ಅವರೆಕಾಳು ಹಿತುಕಲು ನನ್ನನ್ನು ಬಿಟ್ಟು ಎಲ್ಲರೂ ಕುಳಿತಿದ್ದರು. "ನನಗೂ ಒಂದು ತಟ್ಟೆ ಕೊಡಿ" ಎಂದೆ. ಕೀಮೋ ಔಷಧಿಯಿಂದ ಬೆರಳ ತುದಿಗಳು ಜೋಮು ಹಿಡಿದಿದ್ದವು. ಗುಂಡಿ ಹಾಕಿಕೊಳ್ಳುವುದೇ ಕಷ್ಟ, ರಂಗೋಲಿ ಎಳೆ ಸೊಟ್ಟಗೆ ಹೋಗುತ್ತಿತ್ತು. ಕಾಳು ಹಿತುಕಿದರೆ ಒಂದು ಅತ್ತೆಯ ಕನ್ನಡಕಕ್ಕೆ, ಇನ್ನೊಂದು ನೇರ ದೇವರ ಮನೆಗೆ ಹಾರಿತು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಮೊದಲು ನಕ್ಕವರು ಅತ್ತೆ. ಒಂದು ಗಂಟೆಯಲ್ಲಿ ನಾನು ಹಿತುಕಿದ್ದು ಒಂದು ಹಿಡಿ. ಮಾರನೆಯ ದಿನದ ಸಾರಿನಲ್ಲಿ ಆ ಹಿಡಿ ಕಾಳೂ ಇತ್ತು. ಬಾಯಿಗೆ ಏನಿಟ್ಟರೂ ಕಬ್ಬಿಣದ ರುಚಿ ಎನ್ನಿಸುತ್ತಿದ್ದ ದಿನಗಳು ಅವು. ಸಾರಿನ ಪರಿಮಳವಾದರೂ ಮೂಗಿಗೆ ಸಿಕ್ಕಿತು, ಅದೇ ಹಬ್ಬ.

ಶಸ್ತ್ರಚಿಕಿತ್ಸೆಯಾದ ಬದಿಯ ತೋಳು ಬಿಗಿಯಾಗದಿರಲೆಂದು ಒಂದು ವ್ಯಾಯಾಮ ಹೇಳಿಕೊಟ್ಟಿದ್ದರು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸುವುದು. ನಮ್ಮ ಹಜಾರದ ಗೋಡೆಯಲ್ಲಿ ಮಕ್ಕಳ ಎತ್ತರ ಗುರುತಿಸಿದ ಪೆನ್ಸಿಲ್ ಗೆರೆಗಳಿವೆ. ಮಗಳು ಅದರ ಪಕ್ಕದಲ್ಲೇ ನನ್ನ ಕೈ ಎಲ್ಲಿಯವರೆಗೆ ಹೋಯಿತೆಂದು ಗೆರೆ ಎಳೆದು ತಾರೀಖು ಬರೆಯತೊಡಗಿದಳು. "ಅಮ್ಮಾ, ನೀನೂ ಬೆಳೀತಿದೀಯಾ" ಎನ್ನುತ್ತಿದ್ದಳು.

ಫೆಬ್ರವರಿ ಮೊದಲ ವಾರಕ್ಕೆ ರೇಡಿಯೇಷನ್ ಮುಗಿಯಿತು. ಅದಾಗಿ ಎರಡು ವಾರಕ್ಕೆ ಒಂದು ಭಾನುವಾರ, ಇವತ್ತು ಪೂರ್ತಿ ಸುತ್ತು ಎಂದು ತೀರ್ಮಾನಿಸಿದೆ. ರೇಡಿಯೇಷನ್ ಆದ ಚರ್ಮಕ್ಕೆ ಬಿಸಿಲು ತಾಗಬಾರದು. ಹಾಗಾಗಿ ಬೆಳಕು ಹರಿಯುತ್ತಲೇ ಹೊರಟೆವು, ನಾನು ಮತ್ತು ಮಗ. ಅವನ ಕೈಯಲ್ಲಿ ನೀರಿನ ಬಾಟಲಿ. ಏರಿಯ ಮೇಲೆ ಬಂದಾಗ ಚಾಮುಂಡಿ ಬೆಟ್ಟ ಮಂಜಿನಲ್ಲಿ ಅರ್ಧ ಕಾಣುತ್ತಿತ್ತು. ಹೆಜ್ಜಾರ್ಲೆಗಳು ದೋಣಿಗಳಂತೆ ಸಾಲಾಗಿ ತೇಲುತ್ತಿದ್ದವು. ಒಂದು ಹಾವಕ್ಕಿ ಕತ್ತು ಮಾತ್ರ ಹೊರಗಿಟ್ಟು ಈಜುತ್ತಿತ್ತು.

ಅರ್ಧ ದಾರಿ ಮುಗಿದಿತ್ತು. ಮಗ ಇದ್ದಕ್ಕಿದ್ದಂತೆ, "ಅಮ್ಮ, ಒಂದು ಮಾತು. ನೀನು ಬೇಜಾರು ಮಾಡ್ಕೋಬಾರ್ದು" ಎಂದ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಫಿಸಿಕ್ಸ್‌ನಲ್ಲಿ ಎಪ್ಪತ್ತಕ್ಕೆ ಹದಿನಾಲ್ಕು ಬಂದಿತ್ತಂತೆ. ಜನವರಿಯಲ್ಲೇ ಗೊತ್ತಾಗಿತ್ತು. ಅಪ್ಪನಿಗೆ ತಿಳಿದಿತ್ತು, ಅಜ್ಜಿಗೆ ತಿಳಿದಿತ್ತು, ತಂಗಿಗೂ ತಿಳಿದಿತ್ತು! "ನಿಂಗೆ ಹೇಳಿದ್ರೆ ಆರೋಗ್ಯ ಕೆಡುತ್ತೆ ಅಂತ..." ಎಂದ.

ನನಗೆ ಬಂದ ಕೋಪ ಇಷ್ಟಲ್ಲ. "ಹದಿನಾಲ್ಕಾ? ಏನೋ ಓದ್ತಿದ್ದೆ ಬಾಗಿಲು ಹಾಕ್ಕೊಂಡು? ಇದನ್ನ ಮುಚ್ಚಿಟ್ಟು ನನ್ನ ಮುಂದೆ ಹೂಂ ಹೂಂ ಅಂತಿದ್ದೆಯಾ?" ಎಂದು ಅಲ್ಲೇ ನಿಂತು ಬೈದೆ. ಪಕ್ಕದಲ್ಲಿ ನಡೆಯುತ್ತಿದ್ದವರು ತಿರುಗಿ ನೋಡಿದರು. ದನಿ ಏರಿಸಿ ಎಷ್ಟು ತಿಂಗಳಾಗಿತ್ತೋ! ಮಗ ತಲೆ ತಗ್ಗಿಸಿ ನಿಂತಿದ್ದ. ಅಳುತ್ತಿದ್ದಾನೇನೋ ಎಂದುಕೊಂಡೆ. ನೋಡಿದರೆ ಕಣ್ಣಲ್ಲಿ ನೀರೂ ಇತ್ತು, ಮುಖದಲ್ಲಿ ನಗುವೂ ಇತ್ತು. "ಅಮ್ಮ, ನೀನು ಬೈದು ಎಷ್ಟು ದಿನ ಆಯ್ತು" ಎಂದ.

ಬೆಂಚಿನ ಮೇಲೆ ಕುಳಿತೆವು. ಕಲಿಸುವವಳ ಬುದ್ಧಿ, ಕತೆ ಹೇಳದೆ ಇರಲಾಗಲಿಲ್ಲ. ಆರ್.ಕೆ. ನಾರಾಯಣ್ ಅವರ ತಂದೆ ಇದೇ ಮೈಸೂರಿನಲ್ಲಿ ಹೆಡ್‌ಮಾಸ್ಟರ್. ಅಂಥವರ ಮಗ ಕಾಲೇಜು ಪ್ರವೇಶದ ಪರೀಕ್ಷೆಯಲ್ಲಿ, ಅದೂ ಇಂಗ್ಲಿಷಿನಲ್ಲಿ ಫೇಲಾದರು. ಆ ಬಿಡುವಿನ ದಿನಗಳಲ್ಲಿ ಪುಸ್ತಕ ಹಿಡಿದು ಈ ಕೆರೆಯ ದಂಡೆಗೆ ಬರುತ್ತಿದ್ದರು. ಮುಂದೆ 1930ರಲ್ಲಿ ಪದವಿ ಮುಗಿಸಿದರು, ಆ ಇಂಗ್ಲಿಷಿನಲ್ಲೇ ಲೋಕಪ್ರಸಿದ್ಧ ಕಾದಂಬರಿಗಳನ್ನು ಬರೆದರು. "ಹಾಗಂತ ನೀನು ಫೇಲಾಗ್ಬೇಕಿಲ್ಲ" ಎಂದೂ ಸೇರಿಸಿದೆ. ಆ ಮೇಲೆ ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಯಾವ ಪಾಠ ಬರುತ್ತದೆ, ಯಾವುದು ಬರುವುದಿಲ್ಲ, ಯಾರ ಹತ್ತಿರ ಹೇಳಿಸಿಕೊಳ್ಳಬೇಕು, ಎಷ್ಟು ದಿನ ಉಳಿದಿದೆ. ಅಷ್ಟೂ ತಿಂಗಳಲ್ಲಿ ನಾನು ಕೆಲಸಕ್ಕೆ ಬಂದೆ ಎನಿಸಿದ ಮೊದಲ ಬೆಳಗು ಅದು. ಉಳಿದ ಅರ್ಧ ಸುತ್ತು ಯಾವಾಗ ಮುಗಿಯಿತೋ ತಿಳಿಯಲಿಲ್ಲ. ಗೇಟಿನ ಹತ್ತಿರ ಬಂದಾಗ ಮಗನೇ, "ಅಮ್ಮ, ಪೂರ್ತಿ ಸುತ್ತು ಆಯ್ತು!" ಎಂದು ನೆನಪಿಸಿದ.

ಓದುವ ಮಕ್ಕಳಿಗೆ ಒಂದು ಮಾತು. ಮನೆಯಲ್ಲಿ ಅಪ್ಪನಿಗೋ ಅಮ್ಮನಿಗೋ ಹುಷಾರಿಲ್ಲದಿದ್ದಾಗ ನೀವು ಸಹಾಯ ಮಾಡಿ, ಜೊತೆಗೆ ನಡೆಯಿರಿ. ಆದರೆ ನಿಮ್ಮ ಕಷ್ಟವನ್ನು ಅವರಿಂದ ಮುಚ್ಚಿಡಬೇಡಿ. ನಿಮ್ಮ ಫಿಸಿಕ್ಸ್ ಮಾರ್ಕ್ಸು, ಗೆಳತಿಯ ಜೊತೆಗಿನ ಜಗಳ, ಹರಿದ ಚಪ್ಪಲಿ, ಇವೆಲ್ಲ ಅವರಿಗೆ ಬೇಕು. ತಂದೆತಾಯಿಯರಿಗೂ ಒಂದು ಮಾತು. ಮಕ್ಕಳಿಗೆ ಅರ್ಥವಾಗುವ ಹಾಗೆ ನಿಜ ಹೇಳಿ. ಹೇಳದಿದ್ದರೆ ಅವರು ಅದಕ್ಕಿಂತ ದೊಡ್ಡದನ್ನು ತಾವೇ ಊಹಿಸಿಕೊಳ್ಳುತ್ತಾರೆ. ನಮ್ಮ ಮಗಳು ಎರಡು ತಿಂಗಳು ಹಾಗೆ ಊಹಿಸಿಕೊಂಡೇ ರಾತ್ರಿ ನಿದ್ದೆಗೆಟ್ಟಿದ್ದಳೆಂದು ನಮಗೆ ತಿಳಿದದ್ದು ಆಮೇಲೆ.

ನನ್ನ ಕತೆ ಮುಗಿದಿದೆ ಎಂದು ಹೇಳಲಾರೆ. ದಿನವೂ ಒಂದು ಮಾತ್ರೆ ಇದೆ, ವರ್ಷಗಟ್ಟಲೆ ನುಂಗಬೇಕು. ಕೆಲವು ತಿಂಗಳಿಗೊಮ್ಮೆ ತಪಾಸಣೆ ಇದೆ. ತಪಾಸಣೆಯ ಹಿಂದಿನ ರಾತ್ರಿ ಇವತ್ತಿಗೂ ನಿದ್ದೆ ಬರುವುದಿಲ್ಲ. ಕಳೆದ ಸಲ ಬೆಳಿಗ್ಗೆ ಐದೂವರೆಗೇ ಎದ್ದು ಕುಳಿತಿದ್ದೆ. ಇವರು ಏನೂ ಮಾತಾಡದೆ ಚಪ್ಪಲಿ ಮೆಟ್ಟಿಕೊಂಡು, "ನಡಿ, ಒಂದು ಸುತ್ತು ಹಾಕಿ ಬರೋಣ" ಎಂದರು. ಹೋದೆವು. ಭಯ ಹೋಗಲಿಲ್ಲ, ಆದರೆ ನಮ್ಮ ಜೊತೆಗೇ ಸುಮ್ಮನೆ ನಡೆದು ಬಂತು. ಅವತ್ತು ವರದಿ ಚೆನ್ನಾಗಿಯೇ ಬಂತು. ಮುಂದಿನದಕ್ಕೆ ಇನ್ನೂ ಸಮಯವಿದೆ.

ಮಗ ಪಾಸಾದ. ಫಿಸಿಕ್ಸ್‌ನಲ್ಲಿ ನೂರಕ್ಕೆ ಐವತ್ತೆಂಟು. ಅಣ್ಣ ತಂಗಿಯರ ಜಗಳ ಮೊದಲಿನಂತೆ ಶುರುವಾಗಿದೆ. ನನ್ನ ತಲೆಯಲ್ಲಿ ಗುಂಗುರು ಕೂದಲು ಬಂದಿದೆ.

ಮೈಸೂರಿಗೆ ಬಂದಾಗ ನೀವೂ ಒಮ್ಮೆ ಕುಕ್ಕರಹಳ್ಳಿ ಕೆರೆಗೆ ಬನ್ನಿ. ರೈಲು ನಿಲ್ದಾಣದಿಂದ ಆಟೋದಲ್ಲಿ ಸ್ವಲ್ಪವೇ ದೂರ. ಬಿಸಿಲೇರುವ ಮುಂಚೆ ಬಂದರೆ ಹಕ್ಕಿಗಳು ಚೆನ್ನಾಗಿ ಕಾಣುತ್ತವೆ. ಅರಮನೆಯಂತೆ ನೋಡಿ ಬೆರಗಾಗುವಂಥದ್ದು ಏನೂ ಇಲ್ಲ. ಪೂರ್ತಿ ಸುತ್ತಬೇಕೆಂದೂ ಇಲ್ಲ, ಮೊದಲ ಬೆಂಚು ಸಾಕು. ಮಕ್ಕಳನ್ನು ಕರೆತನ್ನಿ, ಮನೆಯ ಹಿರಿಯರನ್ನೂ ಕರೆತನ್ನಿ. ನಾನು ಮಾತ್ರ ಈಗ ಎದ್ದೆ. ಬರುವಾಗ ಕೊತ್ತಂಬರಿ ಸೊಪ್ಪು ತಾ ಎಂದು ಅತ್ತೆ ಎರಡು ಸಲ ಹೇಳಿದ್ದರು, ಇವತ್ತೂ ಮರೆತು ಬಂದರೆ ಬೈಗುಳ ಖಂಡಿತ.