ನಾಯಕನಿಗೆ ಎಷ್ಟು ಅಂಕ?

ಮಿಲ್ಸ್ ಅಂಡ್ ಬೂನ್ ಕಾದಂಬರಿಯಲ್ಲಿ ನಾಯಕ ಯಾರೆಂದು ಕಂಡುಹಿಡಿಯಲು ಮೂರನೇ ಪುಟ ದಾಟಬೇಕಾಗಿಲ್ಲ. ಬಾಗಿಲು ತುಂಬುವಷ್ಟು ಎತ್ತರ, ಕಪ್ಪು ಕೂದಲು, ಬಿಗಿದ ದವಡೆ, ಯಾರ ಮೇಲೋ ಸಿಟ್ಟು. ಅದೇ ಪುಟದಲ್ಲಿ ಅವನ ಬೆಲೆಬಾಳುವ ಕೋಟಿನ ಮೇಲೆ ಕಾಫಿ ಚೆಲ್ಲಿದವಳು ನಾಯಕಿ. ಇನ್ನೊಂದು ನೂರ ಎಂಬತ್ತು ಪುಟ ಕಳೆದರೆ ಇಬ್ಬರಿಗೂ ಮದುವೆ. ಇದು ಬರೆದವರಿಗೂ ಗೊತ್ತು, ಓದುವವರಿಗೂ ಗೊತ್ತು, ಪುಸ್ತಕಕ್ಕೆ ಹಳೇ ಪೇಪರಿನ ರಟ್ಟು ಹಾಕಿ ವಾರ್ಡನ್ ಕಣ್ಣು ತಪ್ಪಿಸುತ್ತಿದ್ದ ನನ್ನ ಹಾಸ್ಟೆಲ್ ಗೆಳತಿಗೂ ಗೊತ್ತಿತ್ತು. “ಕೊನೆ ಗೊತ್ತಿದ್ದ ಮೇಲೆ ಓದೋದು ಯಾಕ್ರೀ?” ಎಂದು ಕೇಳುವವರು ನನಗೆ ಅಂದೂ ಇದ್ದರು, ಇಂದೂ ಇದ್ದಾರೆ.

ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟವಳು. ವ್ಯಾಲ್ಯುಯೇಷನ್ನಿಗೆ ಕೂತಾಗ ಕೀ ಆನ್ಸರ್ ಪಕ್ಕದಲ್ಲೇ ಇರುತ್ತದೆ. ಉತ್ತರ ಏನು ಬರಬೇಕು ಎನ್ನುವುದರಲ್ಲಿ ಯಾವ ಕುತೂಹಲವೂ ಇಲ್ಲ. ಅಂಕ ಇರುವುದು ಸ್ಟೆಪ್ಪಿಗೆ. ನಡುವೆ ನಾಲ್ಕು ಸಾಲು ಹಾರಿಸಿ, ಕೊನೆಯಲ್ಲಿ ಸರಿಯುತ್ತರ ಬರೆದು ಅಡಿಗೆರೆ ಎಳೆದವನ ಮೇಲೆ ನಮಗೆ ಅನುಮಾನ ಬರುತ್ತದೆ. ಪ್ರೇಮ ಕಾದಂಬರಿಗಳನ್ನೂ ನಾನು ಹೀಗೇ ತಿದ್ದುತ್ತ ಬಂದಿದ್ದೇನೆ. ಇಬ್ಬರೂ ಒಂದಾದರು, ಸಂತೋಷ. ಹೇಗೆ ಒಂದಾದಿರಿ, ಅದನ್ನು ತೋರಿಸಿ.

ಸಿಲಬಸ್ಸು ಹಳೆಯದು. 1908ರಲ್ಲಿ ಲಂಡನ್ನಿನಲ್ಲಿ ಜೆರಾಲ್ಡ್ ಮಿಲ್ಸ್ ಮತ್ತು ಚಾರ್ಲ್ಸ್ ಬೂನ್ ಪ್ರಕಾಶನ ಶುರು ಮಾಡಿದಾಗ ಅವರ ಪಟ್ಟಿಯಲ್ಲಿ ಎಲ್ಲ ಬಗೆಯ ಪುಸ್ತಕಗಳೂ ಇದ್ದವು. ಜಾಕ್ ಲಂಡನ್ ಇದ್ದ, ವುಡ್‌ಹೌಸ್ ಇದ್ದ. 1930ರ ದಶಕದ ಹೊತ್ತಿಗೆ ಅವರ ಗಮನ ಪ್ರೇಮಕಥೆಗಳ ಮೇಲೆ ನಿಂತಿತು. ಆ ಪುಸ್ತಕಗಳನ್ನು ಕೊಳ್ಳುವವರಿಗಿಂತ ಬಾಡಿಗೆ ಲೈಬ್ರರಿಗಳಿಂದ ಒಯ್ಯುವವರೇ ಹೆಚ್ಚು. ಕಂದು ರಟ್ಟು ಕಂಡರೆ ಸಾಕು, ಒಳಗೆ ಏನಿದೆ ಎಂದು ಕೇಳಬೇಕಾಗಿರಲಿಲ್ಲ. 1957ರಲ್ಲಿ ಕೆನಡಾದ ಹಾರ್ಲೆಕ್ವಿನ್ ಪ್ರಕಾಶನ ಅವರ ಡಾಕ್ಟರ್-ನರ್ಸ್ ಕಾದಂಬರಿಗಳನ್ನು ಅಗ್ಗದ ಆವೃತ್ತಿಯಲ್ಲಿ ಮರುಮುದ್ರಿಸಲು ಆರಂಭಿಸಿ, 1971ರಲ್ಲಿ ಕಂಪನಿಯನ್ನೇ ಕೊಂಡುಕೊಂಡಿತು. ಅಲ್ಲಿಂದ ಮುಂದೆ ತಿಂಗಳು ತಿಂಗಳೂ ಇಷ್ಟಿಷ್ಟು ಪುಸ್ತಕ, ಒಂದೇ ಗಾತ್ರ, ಒಂದೊಂದು ಮಾಲೆಗೆ ಒಂದೊಂದು ಬಣ್ಣ.

ಬೆಂಗಳೂರು, ಮೈಸೂರುಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳಿಗೆ ಇವು ಬಂದಾಗ ಲಂಡನ್ನಿನ ಹಳೆಯ ಕಥೆಯೇ ಇಲ್ಲೂ ನಡೆಯಿತು: ಡಿಪಾಸಿಟ್ ಕಟ್ಟು, ಬಾಡಿಗೆ ಕೊಡು, ಬೇಗ ಓದಿ ವಾಪಸ್ ತಾ. ಎಲ್ಲ ಹೆಸರುಗಳೂ ಒಂದೇ ಥರ ಇದ್ದದ್ದರಿಂದ, ಓದಿಯಾಗಿದೆ ಎಂಬುದರ ಗುರುತಿಗೆ ಕೊನೆಯ ಪುಟದ ಮೂಲೆಯಲ್ಲಿ ಒಬ್ಬೊಬ್ಬರದು ಒಂದೊಂದು ಚಿಹ್ನೆ. ನಕ್ಷತ್ರ ಹಾಕುತ್ತಿದ್ದವರು ಯಾರೋ ನನಗೆ ತಿಳಿಯಲಿಲ್ಲ. ಆದರೆ ಅವರು ಓದಿದ್ದನ್ನೆಲ್ಲ ನಾನೂ ಓದಿದ್ದೇನೆ.

ಈ ಪುಸ್ತಕಗಳ ಬಗ್ಗೆ ಜಗತ್ತಿಗೆ ಗೌರವ ಕಡಿಮೆ. ಇಂಗ್ಲೆಂಡಿನಲ್ಲಿ 2003ರಲ್ಲಿ ತೆರೆದ ಎಂ6 ಟೋಲ್ ಹೆದ್ದಾರಿಯ ಡಾಂಬರಿಗೆ ಸುಮಾರು 25 ಲಕ್ಷ ಮಿಲ್ಸ್ ಅಂಡ್ ಬೂನ್ ಪ್ರತಿಗಳನ್ನು ಅರೆದು ಬೆರೆಸಿದರು. ಕಾಗದದ ತಿರುಳು ಡಾಂಬರನ್ನು ಹಿಡಿದಿಡುತ್ತದಂತೆ. ಹಾಸ್ಯ ಮಾಡಿದವರು ಬಹಳ. ನನಗನ್ನಿಸಿದ್ದು ಇಷ್ಟೇ: ಅಷ್ಟು ಜನ ಕೋಟ್ಯಧಿಪತಿಗಳು ಲಾರಿಗಳ ಕೆಳಗೆ ಬಿದ್ದು ಕೊನೆಗೂ ಸಮಾಜಕ್ಕೆ ಉಪಯೋಗಕ್ಕೆ ಬಂದರು.

ನಾಯಕನ ಪತ್ರಿಕೆ ತಿದ್ದುವಾಗ ನಾನು ಸ್ವಲ್ಪ ಬಿಗಿ. ಚಾರ್ಲ್ಸ್ ಬೂನರ ಮಗ ಆಲನ್ ಬೂನ್ ಲೇಖಕಿಯರಿಗೆ ಎರಡು ಸೂತ್ರ ಹಾಕಿಕೊಟ್ಟಿದ್ದರು. ಒಂದು, ನಾಯಕ ಬಲಶಾಲಿಯಾದ ‘ಆಲ್ಫಾ’ ಗಂಡಾಗಿರಬೇಕು. ಎರಡು, ಕಥೆಯೆಲ್ಲ ನಾಯಕಿಯ ಕಣ್ಣಿನಿಂದಲೇ ಕಾಣಬೇಕು. ಎರಡನೆಯದು ಮೊದಲನೆಯದಕ್ಕೆ ಹಾಕಿದ ಬಲೆ ಎಂದು ನನಗೆ ಆಮೇಲೆ ಹೊಳೆಯಿತು. ಅವನ ಮನಸ್ಸಿನೊಳಗೆ ಹೋಗಲು ನಮಗೆ ಬಾಗಿಲಿಲ್ಲ. ಅವನು ಬೈದದ್ದು ಕಾಣುತ್ತದೆ, ಯಾಕೆ ಬೈದ ಎಂಬುದು ಕಾಣುವುದಿಲ್ಲ. ‘ಒಳಗೊಳಗೇ ಪ್ರೀತಿ ಇತ್ತು’ ಎಂಬ ಸಮಜಾಯಿಷಿ ಕೊನೆಯ ಅಧ್ಯಾಯದಲ್ಲಿ ಬರುತ್ತದೆ. ಅಷ್ಟರೊಳಗೆ ನಾನು ಅಂಕ ಹಾಕಿ ಆಗಿರುತ್ತದೆ.

ಈ ಗಂಡಿನ ವಂಶವೃಕ್ಷದಲ್ಲಿ ಕಹಿಯೂ ಇದೆ. 1919ರಲ್ಲಿ ಬಂದ ಇ. ಎಂ. ಹಲ್ ಅವರ ‘ದ ಶೇಖ್’ನಲ್ಲಿ ನಾಯಕ ನಾಯಕಿಯನ್ನು ಮರುಭೂಮಿಯಲ್ಲಿ ಅಪಹರಿಸಿ ಅತ್ಯಾಚಾರ ಮಾಡುತ್ತಾನೆ, ಕಾದಂಬರಿ ಅದನ್ನೇ ಪ್ರೇಮಕ್ಕೆ ಮುನ್ನುಡಿ ಎನ್ನುತ್ತದೆ. ಕೊನೆಗೆ ಆತ ಅರಬನೇ ಅಲ್ಲ, ಇಂಗ್ಲಿಷ್ ಶ್ರೀಮಂತನ ಮಗ ಎಂಬ ಗುಟ್ಟು ಹೊರಬೀಳುತ್ತದೆ. ಆ ಗುಟ್ಟು ನಾಯಕನಿಗಾಗಿ ಬಂದದ್ದಲ್ಲ, ಅರಬನನ್ನು ಅಳಿಯನೆಂದು ಒಪ್ಪಲಾರದ ಅಂದಿನ ಇಂಗ್ಲಿಷ್ ಓದುಗರ ಸಮಾಧಾನಕ್ಕಾಗಿ ಬಂದದ್ದು. ಅರ್ಧ ಶತಮಾನದ ನಂತರ, 1970ರಲ್ಲಿ, ಮಿಲ್ಸ್ ಅಂಡ್ ಬೂನ್ ಲೇಖಕಿ ವಯಲೆಟ್ ವಿನ್‌ಸ್ಪಿಯರ್ ತನ್ನ ನಾಯಕರು ಅತ್ಯಾಚಾರಕ್ಕೂ ಹೇಸದಂಥ ಗಂಡಸರಾಗಿರಬೇಕು ಎಂಬರ್ಥದ ಮಾತಾಡಿ ಓದುಗರಿಂದ ಚೆನ್ನಾಗಿ ಬೈಸಿಕೊಂಡರು. ಬೈದವರು ಅದೇ ಪುಸ್ತಕಗಳ ಓದುಗರು ಎಂಬುದು ಗಮನಿಸಬೇಕಾದ್ದು. ಈ ಓದುಗರು ಕಣ್ಣುಮುಚ್ಚಿ ಓದುತ್ತಾರೆ ಎಂದುಕೊಂಡವರು ಅವರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕೂತು ನೋಡಬೇಕು.

ಅದೇ ಕಪಾಟಿನಲ್ಲಿ ಬೆಟಿ ನೀಲ್ಸ್ ಕೂಡ ಇದ್ದರು. ಸ್ವತಃ ನರ್ಸ್, ಗಂಡ ಡಚ್ಚರವನು. ಕೆಲಸದಿಂದ ನಿವೃತ್ತರಾದ ಮೇಲೆ ಬರೆಯಲು ಕೂತು, 1969ರ ಮೊದಲ ಕಾದಂಬರಿಯಿಂದ ಮುಂದಕ್ಕೆ ನೂರ ಮೂವತ್ತಕ್ಕೂ ಹೆಚ್ಚು ಬರೆದರು. ಬಹುಪಾಲಿನಲ್ಲಿ ನಾಯಕ ಸಿರಿವಂತ ಡಚ್ ವೈದ್ಯ, ದೊಡ್ಡ ಮನೆ, ದೊಡ್ಡ ನಾಯಿ, ದೊಡ್ಡ ಕಾರು. ನಾಯಕಿ ರೂಪದಲ್ಲಿ ಸಾಧಾರಣ, ಕೆಲಸದಲ್ಲಿ ಚುರುಕು. ಅವನು ಅಬ್ಬರಿಸುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಸುಸ್ತಾದವಳಿಗೆ ಟೋಸ್ಟು, ಚಹಾ ತರಿಸಿಕೊಟ್ಟು ಮನೆಗೆ ಬಿಡುತ್ತಾನೆ. ಕಾರಿಗಿಂತ ಆ ಟೋಸ್ಟಿಗೆ ನಾನು ಹೆಚ್ಚು ಅಂಕ ಕೊಟ್ಟಿದ್ದೇನೆ. ಕಾರು ಅವನ ಹತ್ತಿರ ಮೊದಲಿಂದ ಇತ್ತು, ಹಸಿವನ್ನು ಅವನು ಗಮನಿಸಿದ.

ನಾಯಕಿಯ ಪತ್ರಿಕೆಯಲ್ಲಿ ನಾನು ನೋಡುವುದು ಅವಳ ಕೆಲಸವನ್ನು. ಮೊದಲ ಪುಟದಲ್ಲಿ ನರ್ಸ್, ಸೆಕ್ರೆಟರಿ, ಟೀಚರ್ ಆಗಿದ್ದವಳ ಕೆಲಸ ಕೊನೆಯ ಪುಟದಲ್ಲೂ ಉಳಿದಿದೆಯೇ? ಹಳೆಯವುಗಳಲ್ಲಿ ಉಂಗುರ ಬಂದ ದಿನವೇ ರಾಜೀನಾಮೆ. ಇನ್ನೊಂದು, ಅವಳ ಎದುರಾಳಿ. ತೆಳ್ಳಗೆ, ಉಗುರಿಗೆ ಕೆಂಪು ಬಣ್ಣ, ಮಕ್ಕಳನ್ನು ಕಂಡರಾಗದು. ನಾಯಕಿಯ ಒಳ್ಳೆಯತನ ತೋರಿಸಲು ಇನ್ನೊಬ್ಬ ಹೆಣ್ಣಿನ ಮುಖಕ್ಕೆ ಮಸಿ ಬಳಿಯಬೇಕಾಗಿ ಬಂದರೆ, ಅದು ಸ್ಟೆಪ್ ಹಾರಿಸಿದ ಲೆಕ್ಕ.

ಆದರೆ ಒಂದು ವಿಷಯದಲ್ಲಿ ಈ ನಾಯಕಿಯರ ಮೇಲೆ ನಮಗೆಲ್ಲ ಹೊಟ್ಟೆಕಿಚ್ಚಿತ್ತು. ಅವರು ಸಾಮಾನ್ಯವಾಗಿ ಅನಾಥರು. ತೀರಾ ಇದ್ದರೆ ಸಾಲ ಮಾಡಿಕೊಂಡ ಒಬ್ಬ ತಮ್ಮ. ನಮ್ಮ ‘ಸುಧಾ’, ‘ಪ್ರಜಾಮತ’ ವಾರಪತ್ರಿಕೆಗಳ ಧಾರಾವಾಹಿಗಳಲ್ಲಿ ಹುಡುಗಿ ಒಬ್ಬನ ಕಡೆ ತಿರುಗಿ ನೋಡುವಷ್ಟರಲ್ಲಿ ಅತ್ತೆ, ನಾದಿನಿ, ಸೋದರಮಾವ, ಜಾತಕ ಎಲ್ಲ ಸೇರಿ ನಡುಮನೆ ತುಂಬುತ್ತಿತ್ತು. ಇಂಗ್ಲಿಷ್ ನಾಯಕಿಗೆ ಅಡ್ಡಿ ಬರುವುದು ತಪ್ಪು ತಿಳಿವಳಿಕೆ ಮಾತ್ರ. ಅದನ್ನು ಬಿಡಿಸಲು ಒಂದು ಫೋನು ಸಾಕು. ನಮ್ಮ ಹಾಸ್ಟೆಲಿನಲ್ಲಿ ಆ ಪುಸ್ತಕಗಳು ಕೈಯಿಂದ ಕೈಗೆ ಹೋದದ್ದು ಪ್ರೀತಿಯ ಆಸೆಗೆ ಎಷ್ಟೋ, ನೆಂಟರಿಲ್ಲದ ಊರಿನ ಆಸೆಗೂ ಅಷ್ಟೇ.

ಇನ್ನು ತಂತ್ರಗಳು. ಹಿಮಪಾತದಲ್ಲಿ ಸಿಕ್ಕಿಕೊಂಡು ಇಬ್ಬರೂ ಒಂದೇ ಗುಡಿಸಲಲ್ಲಿ. ಅಪಘಾತವಾಗಿ ನೆನಪು ಹೋಗುವುದು. ಅವನಿಗೆ ತಿಳಿಯದೆ ಬೆಳೆಯುತ್ತಿರುವ ಮಗು. ಲೋಕದ ಕಣ್ಣಿಗೆ ಸುಳ್ಳು ನಿಶ್ಚಿತಾರ್ಥ. ಅಣ್ಣನ ಮಗಳು ಫೋನಿನಲ್ಲಿ ಇಂಥವನ್ನೇ ಓದುತ್ತಾಳೆ. ಅವಳ ಪೀಳಿಗೆಯವರು ಪ್ರತಿ ತಂತ್ರಕ್ಕೂ ಹೆಸರಿಟ್ಟು, ಹೋಟೆಲಿನಲ್ಲಿ ತಿಂಡಿ ಹೇಳುವ ಹಾಗೆ ಬೇಕಾದ್ದನ್ನೇ ಆರಿಸಿಕೊಳ್ಳುತ್ತಾರೆ. “ಅತ್ತೆ, ಇದ್ರಲ್ಲಿ ಸೀಕ್ರೆಟ್ ಬೇಬಿ ಇದೆ, ಆದ್ರೆ ಗ್ರೋವೆಲ್ ಚೆನ್ನಾಗಿದೆ, ಓದು,” ಎನ್ನುತ್ತಾಳೆ. ಗ್ರೋವೆಲ್ ಅಂದರೆ ನಾಯಕ ತಪ್ಪೊಪ್ಪಿ ಗೋಗರೆಯುವ ಪುಟಗಳು.

ತಂತ್ರ ಹಳೆಯದು ಎಂಬ ಕಾರಣಕ್ಕೆ ನಾನು ಅಂಕ ಕಳೆಯುವುದಿಲ್ಲ. ಅದು ಯಾರ ತಪ್ಪಿಗೆ ನೆಪವಾಗಿ ಬಂದಿದೆ ಎಂದು ನೋಡುತ್ತೇನೆ. ಹಿಮಪಾತ ನಾಯಕಿಗೆ ನೆರವಾಗುತ್ತದೆ: ಅವನ ಮನೆಗೆ ತಾನಾಗಿ ಹೋದಳು ಎಂಬ ಮಾತು ಬರುವುದಿಲ್ಲ. ನೆನಪು ಹೋಗುವುದು ಸಾಮಾನ್ಯವಾಗಿ ನಾಯಕನ ಕಡೆಯ ವಕೀಲ. ಇದು ನಮಗೆ ಹೊಸದೂ ಅಲ್ಲ. ಮಹಾಭಾರತದ ದುಷ್ಯಂತನಿಗೆ ಶಕುಂತಲೆ ಚೆನ್ನಾಗಿ ನೆನಪಿದ್ದಾಳೆ. ಇದ್ದೂ ತುಂಬಿದ ಸಭೆಯಲ್ಲಿ ಗೊತ್ತಿಲ್ಲ ಎನ್ನುತ್ತಾನೆ. ಆಕಾಶವಾಣಿ ಆದ ಮೇಲೆ, ಜನ ಅನುಮಾನ ಪಡಬಾರದೆಂದು ಹಾಗೆ ಮಾಡಿದೆ ಎನ್ನುತ್ತಾನೆ. ಕಾಳಿದಾಸ ಈ ಪತ್ರಿಕೆ ಕೈಗೆತ್ತಿಕೊಂಡು, ಈತ ಹೀಗೇ ಹೋದರೆ ನಪಾಸು ಎಂದು ತಿಳಿದು, ದೂರ್ವಾಸರ ಶಾಪ ತಂದ, ಉಂಗುರ ತಂದ, ಅದನ್ನು ನುಂಗಲು ಮೀನು ತಂದ. ಮರೆವು, ತಂದೆ ಕಾಣದ ಮಗು, ಗುರುತಿನ ಉಂಗುರ, ಎಲ್ಲವೂ ಒಂದೇ ನಾಟಕದಲ್ಲಿ. ಇಷ್ಟಾದರೂ ಏಳನೇ ಅಂಕದಲ್ಲಿ ದುಷ್ಯಂತ ಶಾಪದ ಮರೆಯಲ್ಲಿ ನಿಲ್ಲುವುದಿಲ್ಲ. ಶಾಪದ ವಿಷಯ ಗೊತ್ತಾಗುವ ಮೊದಲೇ ಶಕುಂತಲೆಯ ಕಾಲಿಗೆ ಬೀಳುತ್ತಾನೆ. ಅಣ್ಣನ ಮಗಳಿಗೆ ಇದನ್ನು ಹೇಳಿದೆ. “ಹಾಗಾದ್ರೆ ಕಾಳಿದಾಸಂಗೆ ಗ್ರೋವೆಲ್ ಬರ್ತಿತ್ತು,” ಎಂದಳು. ವಿಮರ್ಶಕರು ಇದನ್ನೇ ಇನ್ನಷ್ಟು ಉದ್ದವಾಗಿ ಹೇಳುತ್ತಾರೆ.

‘ಅನುಕೂಲಕ್ಕಾಗಿ ಮದುವೆ’ ಎಂಬ ತಂತ್ರಕ್ಕೆ ನಮ್ಮ ಕಡೆ ಬೇರೆಯೇ ರುಚಿ. ಆಸ್ತಿಗೋ, ಮಗುವನ್ನು ನೋಡಿಕೊಳ್ಳಲೋ ಅಪರಿಚಿತರಿಬ್ಬರು ಮದುವೆಯಾಗುತ್ತಾರೆ, ಆಮೇಲೆ ಪ್ರೀತಿ ಹುಟ್ಟುತ್ತದೆ. ಇಂಗ್ಲೆಂಡಿನವರಿಗೆ ಇದು ಕಟ್ಟುಕಥೆ. ನಮ್ಮ ಹಿರಿಯರ ಪೀಳಿಗೆಗೆ ಮದುವೆ ಎಂದರೆ ಇದೇ. ಬೇಸಿಗೆ ರಜೆಯಲ್ಲಿ ಒಮ್ಮೆ ದೊಡ್ಡಮ್ಮನ ಜೊತೆ ಹಪ್ಪಳಕ್ಕೆ ಕಾವಲು ಕೂತಿದ್ದಾಗ ಇಂಥದೊಂದು ಕಥೆ ಹೇಳಿದ್ದೆ. ಡಾಕ್ಟರು, ನರ್ಸು, ತಾಯಿಯಿಲ್ಲದ ಕೂಸು.

“ಮದುವೆಗೆ ಮುಂಚೆ ಅವಳನ್ನ ಕೇಳಿದ್ನೇನೇ?” ಎಂದರು ದೊಡ್ಡಮ್ಮ.

“ಕೇಳಿದ. ಇಷ್ಟ ಇಲ್ದಿದ್ರೆ ಬೇಡ ಅನ್ನು ಅಂತಾನೂ ಹೇಳಿದ.”

“ಹಾಗಾದ್ರೆ ಅದು ಕಥೆನೇ ಬಿಡು.”

ಅಂದಿನಿಂದ ದೊಡ್ಡಮ್ಮನ ಪ್ರಶ್ನೆಯನ್ನೂ ಸೇರಿಸಿಕೊಂಡೇ ಓದುತ್ತೇನೆ. ಕೇಳಿದನೇ? ‘ಬೇಡ’ ಎಂಬ ಉತ್ತರವನ್ನು ನಂಬಿದನೇ? ಈ ಪುಸ್ತಕಗಳಲ್ಲಿ ನಾಯಕರಾಗಿ ಬರುವ ಗ್ರೀಸಿನ ಹಡಗು ಮಾಲೀಕರು ಬಹುತೇಕ ಇಲ್ಲಿ ಎಡವುತ್ತಾರೆ. ಕೊನೆಯ ಪುಟವನ್ನು ತಾವೂ ಓದಿಕೊಂಡು ಬಂದವರಂತೆ ಅವರ ನಡವಳಿಕೆ. ಅವಳ ‘ಬೇಡ’ ಅವರ ಲೆಕ್ಕದಲ್ಲಿ ಸ್ವಲ್ಪ ತಡವಾಗಿ ಬರುವ ‘ಹೂಂ’. ಎರಡು ನೂರು ವರ್ಷ ಹಿಂದಿನ ಡಾರ್ಸಿ, ಜೇನ್ ಆಸ್ಟಿನ್ನಳ ಜಂಬಗಾರ, ಮೊದಲು ಹಾಗೇ ಬರುತ್ತಾನೆ. ಎಲಿಜಬೆತ್ ಒಲ್ಲೆ ಎಂದಾಗ ಹೊರಟುಹೋಗುತ್ತಾನೆ. ಮರುದಿನ ಕಾಗದ ಕೊಡುತ್ತಾನೆ, ಅದರಲ್ಲಿ ಮತ್ತೆ ಮದುವೆಯ ಮಾತೆತ್ತುವುದಿಲ್ಲ. ಆಮೇಲೆ ಅವಳ ತಂಗಿಗಾಗಿ ಮಾಡಿದ ಉಪಕಾರವನ್ನು ಅವಳಿಗೆ ತಿಳಿಯದಂತೆ ಮುಚ್ಚಿಡುತ್ತಾನೆ. ಅವಳು ಸಿಗುತ್ತಾಳೆಂದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದೆಯೂ ಸರಿಯಾಗಿ ನಡೆದುಕೊಂಡದ್ದಕ್ಕೇ ಅವನಿಗೆ ಪೂರ್ತಿ ಅಂಕ.

ನಿಜವಾಗಿ ‘ಬೇಡ’ ಎಂದವಳು ಸಿಕ್ಕಿದ್ದು ನನಗೆ ಕನ್ನಡದಲ್ಲಿ. ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ಪುಟ್ಟಣ್ಣ ಕಣಗಾಲ್ 1967ರಲ್ಲಿ ಸಿನಿಮಾ ಮಾಡಿದರು. ಎಸ್ಟೇಟಿಗೆ ಇಂದಿರಾ ಒಬ್ಬಳೇ ವಾರಸುದಾರಳು ಎಂದಿದ್ದಾಗ ಮದುವೆಗೆ ಒಪ್ಪಿದ್ದ ಮೋಹನ್, ಅವಳಿಗೊಬ್ಬ ತಮ್ಮ ಹುಟ್ಟಿದ ಮೇಲೆ ಹಿಂದೆ ಸರಿಯುತ್ತಾನೆ. ಮುಂದೆ ಅಪಘಾತ, ಅವಳ ಕೈಯಲ್ಲೇ ಆರೈಕೆ, ಅವನಿಗೆ ಪಶ್ಚಾತ್ತಾಪ. ಮಿಲ್ಸ್ ಅಂಡ್ ಬೂನ್ ಓದಿದವರು ಇಷ್ಟು ಹೊತ್ತಿಗೆ ಉಂಗುರ ಹುಡುಕುತ್ತಿರುತ್ತಾರೆ. ಇಂದಿರಾ ಅವನನ್ನು ವಾಸಿ ಮಾಡುತ್ತಾಳೆ, ಮದುವೆ ಮಾತ್ರ ಒಲ್ಲೆ ಎನ್ನುತ್ತಾಳೆ.

ಇಂಥ ಕೊನೆಯನ್ನು ಇಂಗ್ಲಿಷ್ ಮಾಲೆಯ ಪುಸ್ತಕ ಕೊಡಲಾರದು. ಸುಖಾಂತದ ಭರವಸೆಯ ಮೇಲೆಯೇ ಅದು ಮಾರಾಟವಾಗುವುದು. ಆ ಭರವಸೆಯ ಮೇಲೆ ನನಗೆ ಸಿಟ್ಟಿಲ್ಲ. ದಿನವಿಡೀ ದುಡಿದು ಬಂದವರಿಗೆ ಎರಡು ಗಂಟೆ ಹೊತ್ತು ಯಾರೂ ಸಾಯದ ಪುಸ್ತಕ ಬೇಕಾಗುತ್ತದೆ, ನನಗೂ ಬೇಕಾಗಿದೆ. ಆದರೆ ಭರವಸೆ ಕೊಟ್ಟಿರುವುದು ಓದುಗರಿಗೆ, ನಾಯಕನಿಗಲ್ಲ. ತನ್ನೆದುರು ನಿಂತವಳು ಇಂದಿರಾ ಆಗಿರಬಹುದು ಎಂಬ ಅಂಜಿಕೆ ಅವನಿಗೆ ಕೊನೆಯ ಅಧ್ಯಾಯದವರೆಗೂ ಇರಬೇಕು. ಆ ಅಂಜಿಕೆ ಕಂಡ ಪುಸ್ತಕವನ್ನು ಅಣ್ಣನ ಮಗಳಿಗೆ ನಾನೇ ಕಳಿಸುತ್ತೇನೆ. ಕಾಣದಿದ್ದರೆ, ಅವನು ಎಷ್ಟು ಹಡಗಿನ ಒಡೆಯನಾದರೂ ಮೂವತ್ತೈದು ದಾಟಿಸುವುದಿಲ್ಲ.